ಗೋಡೆಯಾಚೆಯ ಬ್ಯಾಟರಿ

ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯ ಗೆಳೆಯ ರೇಷ್ಮೆ ಸೀರೆ ನೇಯುತ್ತಿದ್ದ. ಕರೆಂಟು ಹೋದರೂ ಕೆಲಸ ನಿಲ್ಲದಿರಲೆಂದು ಇಬ್ಬರೂ ಸೋಲಾರ್, ಲಿಥಿಯಂ ಬ್ಯಾಟರಿ ಹಾಕಿಕೊಂಡೆವು. ಬ್ಯಾಟರಿ ಕಾಯುವ ಬಿಎಂಎಸ್ ಎಂಬ ಪುಟ್ಟ ಸಾಧನ ಆರಿಸುವಾಗ, ಮೊಬೈಲಿನಲ್ಲೇ ಎಲ್ಲ ತೋರಿಸುವಂಥದ್ದೇ ಬೇಕೆಂದು ಹಟ ಹಿಡಿದವನು ಅವನು. ಒಂದೊಂದು ಸೆಲ್ಲಿಗೂ ಸಣ್ಣ ವೈರನ್ನು ಸರದಿ ತಪ್ಪದಂತೆ ನಾನು ಜೋಡಿಸಿದರೆ, ಅವನು ಮೀಟರ್ ಹಿಡಿದು ಪರೀಕ್ಷಿಸುತ್ತಿದ್ದ.

ಹೋದ ಬೇಸಿಗೆಯಲ್ಲಿ ಅವನು ಎದೆನೋವಿನಿಂದ ತೀರಿಕೊಂಡ. ಹೆಂಡತಿ ಮನೆಗೆ ಬೀಗ ಹಾಕಿ ಸತ್ತೇಗಾಲದ ತವರಿಗೆ ಹೋದಳು.

ಒಂದು ಮಧ್ಯಾಹ್ನ ನನ್ನ ಬ್ಯಾಟರಿ ನೋಡಲು ಮೊಬೈಲ್ ತೆರೆದರೆ, ಬ್ಲೂಟೂತಿನಲ್ಲಿ ಅವನ ಬ್ಯಾಟರಿಯೂ ಕಾಣಿಸಿತು. ಒತ್ತಿ ನೋಡಿದೆ. ಆ ಖಾಲಿ ಮನೆಯಲ್ಲಿ ಏನೋ ಕರೆಂಟು ಎಳೆಯುತ್ತಿತ್ತು. ಗೋಡೆಗೆ ಕಿವಿಗೊಟ್ಟೆ, ಸದ್ದಿಲ್ಲ. ಆಕೆಗೆ ಫೋನ್ ಮಾಡಿದೆ.

"ಎಲ್ಲಾ ಆರ್ಸಿ, ಎಲ್ಡು ಸಲ ನೋಡ್ಕಂಡು ಬಂದಿವ್ನಿ ಕಣಣ್ಣ," ಎಂದಳು.

ಮರುದಿನ ಬಸ್ಸಿಗೆ ಬಂದು ಆಕೆಯೇ ಬಾಗಿಲು ತೆರೆದಳು. ಮಗ್ಗದ ಮೇಲಿನ ಫ್ಯಾನು ತಿರುಗುತ್ತಿತ್ತು. ಅರ್ಧ ನೇಯ್ದ ಸೀರೆಯ ಎಳೆಗಳು ಮೆಲ್ಲಗೆ ನಡುಗುತ್ತಿದ್ದವು. ನಾನು ಸ್ವಿಚ್ಚಿಗೆ ಕೈ ಚಾಚಿದೆ.

"ಬ್ಯಾಡ ಬುಡಣ್ಣ," ಎಂದು ಆಕೆ ಪಿಸುಗುಟ್ಟಿದಳು. "ಅವ್ರಿಗೆ ಸೆಕೆ ತಡಿಯಕ್ಕಾಯ್ತಿರ್ನಿಲ್ಲ."

ಫ್ಯಾನು ಆರಿಸದೆ ಇಬ್ಬರೂ ಹೊರಬಂದೆವು.