ಬಾಲ ತಿರುವಿದ ಚೇಳು

ಮಾಳಸಿದ್ದನಿಗೆ ಕುಳಿತಲ್ಲಿ ಕುಳಿತು ಗೊತ್ತಿಲ್ಲ. ಅಂಥವನ ಪಾಲಿಗೆ ಬಂದದ್ದು ಗೋಲಕ್ಕೆ ನಕ್ಷೆಯ ಪಟ್ಟಿ ಅಂಟಿಸುವ ಕೆಲಸ. ಒಂದು ಪಟ್ಟಿ ಕೂದಲೆಳೆಯಷ್ಟು ಸರಿದರೆ ದೇಶಕ್ಕೆ ದೇಶವೇ ಸಮುದ್ರಕ್ಕೆ ಬೀಳುತ್ತದೆ. ಪಾಲಬಾವಿಯ ಕುರಿಗಾರರ ಮಗ, ಹದಿನೆಂಟಕ್ಕೆ ಮಿರಜಿಗೆ ಹೋಗಿ, ಶಾಲೆಗಳಿಗೆ ಭೂಗೋಲ ಮಾಡುವ ಕಾರ್ಖಾನೆ ಸೇರಿದ. ಪ್ಲಾಸ್ಟಿಕ್ ಗೋಲಗಳು ಬಂದು ಅದು ಮುಚ್ಚಿದ ಮೇಲೆ ಅಥಣಿಯಲ್ಲಿ ಮನೆ ಮಾಡಿ, ಹಳೆಯ ಗೋಲಗಳ ದುರಸ್ತಿಗೆ ಕುಳಿತ. ಕುಳಿತ ಅನ್ನುವುದು ಬರೀ ಮಾತಿಗೆ. ಒಂದು ಪಟ್ಟಿ ಅಂಟಿಸಿ, ಓಣಿಯಲ್ಲಿ ಎರಡು ಸುತ್ತು ಹಾಕಿ ಬಂದರೇನೇ ಅವನ ಕೈ ಮುಂದಕ್ಕೆ ಹೋಗುತ್ತಿತ್ತು.

ಮಾಘದಲ್ಲಿ ಕಾಗವಾಡದ ದ್ರಾಕ್ಷಿ ತೋಟದ ಶ್ರೀಪಾಲ ಒಂದು ಹಳೆಯ ಗೋಲ ತಂದ. ಇದರಲ್ಲಿ ಭೂಮಿ ಇರಲಿಲ್ಲ, ಚಿಕ್ಕಿ ನಕ್ಷತ್ರಗಳ ಆಕಾಶ ಇತ್ತು. ಅವನ ಮುತ್ತಜ್ಜ ಮುಂಬಯಿಯ ಹರಾಜಿನಲ್ಲಿ ಕೊಂಡದ್ದಂತೆ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಬಿದ್ದು ಇಲಿ ಕಡಿದಿತ್ತು. ಮಾಳಸಿದ್ದ ಅಂಟು ಬಿಡಿಸಿ ಎರಡು ಹೋಳು ಮಾಡಿದಾಗ ಒಳಗೆ ಪೆನ್ಸಿಲ್ಲಿನಲ್ಲಿ ಹಳೆಯ ಮರಾಠಿಯ ಮೋಡಿ ಅಕ್ಷರದ ಒಂದು ಸಾಲು ಕಂಡಿತು. ಹಿಂದೆ ದುರಸ್ತಿ ಮಾಡಿದವನ ಹೆಸರು. ಗೋಲ ಮುಚ್ಚುವ ಮೊದಲು ಒಳಗೆ ಹೆಸರು ಬರೆಯುವುದು ಈ ಕಸುಬಿನವರ ರೂಢಿ.

ಮಿರಜಿನ ಕಾರ್ಖಾನೆಯ ಉಸ್ತಾದರು ಕಲಿಸಿದಂತೆ ಮೊದಲು ಅಡಿಯದು ಕಾಣುವ ತೆಳು ಬೆಣ್ಣೆ ಕಾಗದವಿಟ್ಟು ಒಂದೊಂದು ಚಿಕ್ಕಿಯನ್ನೂ ನಕಲು ತೆಗೆದ. ವೃಶ್ಚಿಕ ರಾಶಿಯ ಚೇಳಿನ ಹತ್ತಿರ ಬಂದಾಗ ಕೈ ನಿಂತಿತು. ಅದರ ಬಾಲ ಬಲಕ್ಕಿತ್ತು. ಅಪ್ಪನ ಪಕ್ಕ ಕುರಿದೊಡ್ಡಿಯಲ್ಲಿ ಅಂಗಾತ ಮಲಗಿ ಹತ್ತು ಬೇಸಿಗೆ ಕಂಡ ಚೇಳದು, ಅದರ ಬಾಲ ಎಡಕ್ಕೇ. ಈ ಗೋಲ ಬರೆದ ವಿಲಾಯತಿಯ ಸಾಹೇಬ ಕತ್ತೆತ್ತಿ ಮೇಲೆ ನೋಡಿಯೇ ಇಲ್ಲ ಎಂದು ಓಣಿಗೆಲ್ಲ ಹೇಳಿ ನಕ್ಕ. ನಕ್ಕು ಸುಮ್ಮನಿದ್ದರೆ ಕಥೆ ಬೇರೆಯಾಗುತ್ತಿತ್ತು. ಇಲಿ ಮುಟ್ಟದ ಆ ಚೇಳನ್ನು ಹಳೆಯ ಶಾಯಿ ಸಮೇತ ಕೆರೆದು ತೆಗೆದು, ಬಾಲವನ್ನು ಎಡಕ್ಕೆ ತಿರುವಿ ಹೊಸದಾಗಿ ಬರೆದ. ಅಪ್ಪನ ಆಕಾಶಕ್ಕೆ ನ್ಯಾಯ ಸಿಕ್ಕಿತೆಂದು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದ.

ಶ್ರೀಪಾಲ ಬರುವುದಕ್ಕೆ ಎರಡು ದಿನ ಇತ್ತು. ಹೆಂಡತಿ ಲಗಮವ್ವ, ಕಿಟಕಿಯ ಗಾಜು ಒಡೆದು ಗಾಳಿ ಒಲೆಗೆ ಬಡಿಯುತ್ತದೆಂದು, ಕೈಗೆ ಸಿಕ್ಕ ಆ ನಕಲು ಕಾಗದವನ್ನೇ ಹೊರಗಿನಿಂದ ಅಂಟಿಸಿಬಿಟ್ಟಿದ್ದಳು. ಸುತ್ತು ಹಾಕಿ ಬಂದ ಮಾಳಸಿದ್ದ ಓಣಿಯಿಂದ ಅದನ್ನು ನೋಡಿದ. ಚೇಳಿನ ಬಾಲ ಬಲಕ್ಕಿತ್ತು. ನಕಲನ್ನು ಕಿಟಕಿಗೆ ಹಚ್ಚಿದ್ದಕ್ಕೆ ಅವಳನ್ನು ಬೈಯುತ್ತ ಒಳಗೆ ಬಂದ. ಸಂಜೆ ಬಿಸಿಲಿಗೆ ಕಾಗದ ಬೆಳಗುತ್ತಿತ್ತು. ಒಳಗಿನಿಂದ ನೋಡಿದರೆ ಬಾಲ ಎಡಕ್ಕೆ.

ಮತ್ತೆ ಓಣಿಗೆ ಓಡಿದ, ಮತ್ತೆ ಒಳಗೆ ಬಂದ. ಅಪ್ಪ ಆಕಾಶದ ಒಳಗೆ ಮಲಗಿ ನೋಡಿದ್ದ. ಸಾಹೇಬ ಗೋಲದ ಮೈಮೇಲೆ, ಅಂದರೆ ಆಕಾಶದ ಹೊರಗೆ ನಿಂತು ಬರೆದಿದ್ದ. ಇಬ್ಬರದೂ ಸರಿ. ತಪ್ಪಿದವನು ನಡುವೆ ಕೈ ಹಾಕಿದವನೊಬ್ಬನೇ. ಮಾಳಸಿದ್ದನಿಗೆ ಮೈಯೆಲ್ಲ ನಾಚಿಕೆಯಾಯಿತು. ಬಡಿಸಿದ ಊಟ ಬಡಿಸಿದಂತೆಯೇ ಉಳಿಯಿತು.

ಶ್ರೀಪಾಲ ಬಂದಾಗ ಮಾಳಸಿದ್ದ ಎಲ್ಲವನ್ನೂ ಹೇಳಿಬಿಟ್ಟ. ಶ್ರೀಪಾಲ ಇವನ ಹೆಗಲ ಮೇಲೆ ಕೈಯಿಟ್ಟು, ಯಾರು ನೋಡುತ್ತಾರೆ, ಹೀಗೇ ಮುಚ್ಚಿ ಕೊಡು ಎಂದ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ, ಈ ಮಾತು ಇನ್ನೂ ಕುಟುಕಿತು.

"ನಾ ನೋಡೇನ್ರಿ," ಎಂದ ಮಾಳಸಿದ್ದ. "ಇನ್ನೊಂದು ತಿಂಗಳಾ ಕೊಡ್ರಿ."

ಕಿಟಕಿಯ ಕಾಗದವನ್ನು ನೀರು ತಾಗಿಸಿ ಬಿಡಿಸಿಕೊಂಡ. ತಾನು ಬರೆದದ್ದನ್ನು ಕೆರೆದು, ನಕಲು ನೋಡಿ ಚೇಳನ್ನು ಮೊದಲಿನಂತೆ ಇಳಿಸತೊಡಗಿದ. ಕೈ ಪ್ರತಿ ಚಿಕ್ಕಿಗೂ ಎಡಕ್ಕೆ ಎಳೆಯಿತು. ಓಣಿಯ ಸುತ್ತು ಎರಡು ಹೋಗಿ ಹತ್ತಾಯಿತು. ಜಾಗವೇನೋ ಸರಿ ಕೂತಿತು, ಕೆರೆದು ಹೋದ ಸಾಹೇಬನ ಶಾಯಿ ಮಾತ್ರ ಮರಳಿ ಬರಲಿಲ್ಲ.

ಮುಗಿದ ದಿನ ಲಗಮವ್ವ ಬಂದು ನೋಡಿ, "ಬಾಲ ಮತ್ತ ಉಲ್ಟಾ ಆತಲ್ಲ," ಎಂದಳು.

"ನಾವು ಹೊರಗ ನಿಂತೇವಿ, ಅದಕ್ಕ," ಎಂದ.

ಹೋಳುಗಳನ್ನು ಕೂಡಿಸುವ ಮೊದಲು ಪೆನ್ಸಿಲ್ ತೆಗೆದು ಮೋಡಿಯ ಸಾಲಿನ ಕೆಳಗೆ ಬರೆದ: ಚೇಳು ಕೆಡಿಸಿದವ ಮಾಳಸಿದ್ದ, ಪಾಲಬಾವಿ. ಮುಂದೆ ಯಾರಾದರೂ ಬಿಚ್ಚಿದರೆ ಸಾಹೇಬನನ್ನು ಬೈಯದಿರಲಿ ಎಂದುಕೊಂಡು, ಹುಣಸೆ ಬೀಜದ ಅಂಟು ಸವರಿ, ಎರಡೂ ಹೋಳುಗಳನ್ನು ಒತ್ತಿ ಹಿಡಿದ. ಅಂಟು ಒಣಗುವವರೆಗೆ ಎದ್ದು ಹೋಗಲಿಲ್ಲ.