ಏಳು ಸೆಕೆಂಡಿನ ನೇರ ಗೆರೆ

ಕಟಪಾಡಿಯ ಆಟೋ ಸ್ಟ್ಯಾಂಡಿನಲ್ಲಿ ಚಹಾದ ಲೋಟ ನನ್ನ ಕೈಯಿಂದ ಜಾರಿತು. ಕಣ್ಣು ಕತ್ತಲಾಗಿ ಮತ್ತೆ ಬೆಳಕಾಗುವಷ್ಟರಲ್ಲಿ ಚಹಾ ಪ್ಯಾಂಟಿನ ಮೇಲಿತ್ತು. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಹೆಂಡತಿ ಲೂಸಿ ನೋಡಿದಳು.

ಮಣಿಪಾಲದಲ್ಲಿ ಎದೆಗೆ ವಯರು ಅಂಟಿಸಿ ಸೊಂಟಕ್ಕೆ ಸಣ್ಣ ಪೆಟ್ಟಿಗೆ ಕಟ್ಟಿದರು. ಹೋಲ್ಟರ್ ಎಂದು ಅದರ ಹೆಸರು. ಎರಡು ದಿನ ಹೃದಯದ ಪ್ರತಿ ಬಡಿತವನ್ನೂ ಅದು ಬರೆದುಕೊಳ್ಳುತ್ತದೆ. ಎಷ್ಟು ಗಂಟೆಗೆ ಏನಾಯಿತು ಎಂದು ನಾನೂ ಒಂದು ಹಾಳೆಯಲ್ಲಿ ಬರೆಯಬೇಕು.

"ರಿಪೋರ್ಟ್ ಬರುವವರೆಗೆ ಆಟೋ ಮುಟ್ಟಬೇಡಿ," ಎಂದರು ಡಾಕ್ಟರು.

ಮುಟ್ಟಿದೆ.

ಎರಡನೆಯ ದಿನ ಬೆಳಿಗ್ಗೆ ಲೂಸಿ ಕಟ್ಟಿದ ಮಲ್ಲಿಗೆಯನ್ನು ಶಂಕರಪುರದ ನಮ್ಮ ಮನೆಯಿಂದ ಕಟಪಾಡಿಗೆ ಒಯ್ಯಬೇಕಿತ್ತು. "ಬೇರೆ ಆಟೋ ಕರೆಯುವ, ಮಾರಾಯ್ರೆ," ಎಂದಳು. ಮೂವತ್ತು ವರ್ಷ ಆಟೋ ಓಡಿಸಿದವನ ಹೆಂಡತಿ ಇನ್ನೊಬ್ಬರ ಆಟೋದಲ್ಲಿ ಕೂರುವುದೇ ಎಂದು ನಾನು ನಕ್ಕೆ. ಗೇಟು ದಾಟಿ ರಸ್ತೆಗೆ ತಿರುಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಚರಂಡಿಗೆ ವಾಲಿದ ಆಟೋ, ಮಣ್ಣಿನಲ್ಲಿ ಮಲ್ಲಿಗೆ, ಬಲಗೈ ಹಿಡಿದುಕೊಂಡು ನರಳುತ್ತಿದ್ದ ಲೂಸಿ.

"ನಾಯಿ ಅಡ್ಡ ಬಂತು," ಎಂದೆ.

ನೆರೆಮನೆಯ ಸೀತಕ್ಕನ ಕಂದು ನಾಯಿ ದಿನವಿಡೀ ರಸ್ತೆಯಲ್ಲೇ ಇರುತ್ತಿತ್ತು. ಅದೇ ಎಂದು ಲೂಸಿ ತಿಳಿದಳು. ಅಲ್ಲ ಎಂದು ನಾನು ಹೇಳಲಿಲ್ಲ. ಸೀತಕ್ಕ ಬಂದು ಕಣ್ಣೀರು ಹಾಕಿ ಹೋದರು. ನಾಯಿಯ ಕುತ್ತಿಗೆಗೆ ಸರಪಳಿ ಬಿತ್ತು. ಅದು ಕುಂಯ್ ಎನ್ನುವುದನ್ನು ಕೇಳುತ್ತಲೇ ನಾನು ಹಾಳೆಯಲ್ಲಿ ಬರೆದೆ: ಎಂಟು ನಲವತ್ತು, ವಯರು ಕಳಚಿತು. ಆಟೋ ಓಡಿಸುವುದನ್ನೇ ಬಿಡಿಸುತ್ತಾರೆ ಎಂಬ ಹೆದರಿಕೆಯಲ್ಲಿ, ಚರ್ಚಿಗೆ ಪಾಪನಿವೇದನೆಗೆ ತಪ್ಪದೆ ಹೋಗುವ ನಾನು, ಲೂಸಿಯ ಮುರಿದ ಕೈಯ ಪಕ್ಕದಲ್ಲೇ ಕೂತು ಹಾಗೆ ಬರೆದೆ.

ಪೆಟ್ಟಿಗೆ ಹಿಂದಿರುಗಿಸುವ ದಿನ ಲೂಸಿ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಜೊತೆಗೆ ಬಂದಳು. ಟೆಕ್ನಿಶಿಯನ್ ಹುಡುಗಿ ನಮ್ಮನ್ನು ಕಂಪ್ಯೂಟರಿನ ಪಕ್ಕ ಕೂರಿಸಿದಳು. ಪೆಟ್ಟಿಗೆಯ ಬ್ಯಾಟರಿ ಬದಲಿಸುವ ಮೊದಲಿನದು ಒಂದು ಫೈಲು, ಆಮೇಲಿನದು ಇನ್ನೊಂದು. ಎರಡನ್ನೂ ಗಂಟೆ ನೋಡಿ ಜೋಡಿಸಿ ಒಂದೇ ಉದ್ದದ ಗೆರೆ ಮಾಡಿದಳು. ಗೀಚಿದ ಹಾಗಿದ್ದ ಜಾಗಗಳನ್ನು ನನ್ನ ಹಾಳೆಯೊಂದಿಗೆ ಹೋಲಿಸಿ ಕತ್ತರಿಸುತ್ತಾ ಬಂದಳು. ಒಂದು ಕಡೆ ನಿಂತಳು.

"ಅಂಕಲ್, ಇದು ಎಂತ? ವಯರ್ ಕಳಚಿದರೆ ಗೆರೆ ಹೀಗೆ ಬರುವುದಿಲ್ಲ. ಏಳು ಸೆಕೆಂಡ್ ನೇರ ಉಂಟು. ಆದರೆ ನೀವೇ ಬರೆದಿದ್ದೀರಿ ಅಲ್ವಾ? ತೆಗೆಯಲಾ?"

ಪರದೆಯಲ್ಲಿ ಆ ತುಂಡು ನೀಲಿಯಾಯಿತು. ಒಂದು ಸಲ ಒತ್ತಿದರೆ ಎರಡು ಬದಿ ಸೇರಿಕೊಳ್ಳುತ್ತಿದ್ದವು. ನಾನು ಮತ್ತೆ ಆಟೋ ಓಡಿಸಬಹುದಿತ್ತು, ಹಿಂದೆ ಲೂಸಿ ಕೂರುತ್ತಿದ್ದಳು.

"ಅದು ನಾಯಿ ಬಂದ ಹೊತ್ತು ಮಗಾ," ಎಂದಳು ಲೂಸಿ. "ಬಿದ್ದಾಗ ಕಳಚಿರಬೇಕು. ಇವರು ಸುಳ್ಳು ಬರೆಯುವವರಲ್ಲ."

ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

"ನಾಯಿ ಇರಲಿಲ್ಲ," ಎಂದೆ. "ನನಗೆ ಎಚ್ಚರ ತಪ್ಪಿತ್ತು."

ಹುಡುಗಿ ಮೌಸ್ ಬಿಟ್ಟು ಫೋನ್ ಎತ್ತಿ, ಏಳು ಸೆಕೆಂಡ್ ಹೃದಯ ನಿಂತಿತ್ತು ಎಂದು ಡಾಕ್ಟರಿಗೆ ಹೇಳಿದಳು. ಮರುದಿನವೇ ನನ್ನ ಎಡ ಎದೆಯಲ್ಲಿ, ಬಡಿತ ನಿಲ್ಲದಂತೆ ಕಾಯುವ ಪೇಸ್‌ಮೇಕರ್ ಇಟ್ಟರು. ಲೂಸಿ ನನಗೆ ಗಂಜಿ ಕುಡಿಸಿದಳು, ಎಡಗೈಯಲ್ಲಿ. ಸಂಜೆ ಒಂದೇ ಕೇಳಿದಳು: "ಸೀತಕ್ಕನಿಗೆ ಯಾರು ಹೇಳುವುದು?"

ಮನೆಗೆ ಬಂದ ದಿನವೇ ಹೋದೆ. ಸೀತಕ್ಕ ಪೂರ್ತಿ ಕೇಳಿದರು. "ನನ್ನ ಹತ್ತಿರ ಎಂತಕ್ಕೆ ಕ್ಷಮೆ? ಸರಪಳಿ ಅಲ್ಲಿ ಉಂಟು. ನೀವೇ ಬಿಚ್ಚಿ." ಎದೆಯ ಗಾಯ ಮಾಯುವವರೆಗೆ ನಾನು ಎಡಗೈ ಎತ್ತುವ ಹಾಗಿರಲಿಲ್ಲ, ಒಂದೇ ಕೈಯಲ್ಲಿ ಬಿಚ್ಚಲು ತುಂಬ ಹೊತ್ತು ಹಿಡಿಯಿತು. ನಾಯಿ ಅಲ್ಲಾಡದೆ ನಿಂತಿತ್ತು. ಬಿಚ್ಚಿದ ಮೇಲೆ ನನ್ನತ್ತ ನೋಡದೆ ಓಡಿತು.

ಆಟೋ ಈಗ ಇಲ್ಲ. ಬಡಿತ ಸರಿಯಿದೆ, ಸದ್ಯಕ್ಕೆ. ಲೂಸಿಯ ಬೆರಳುಗಳು ಇನ್ನೂ ಮಲ್ಲಿಗೆಯನ್ನು ಬಿಗಿಯಾಗಿ ಕಟ್ಟುವುದಿಲ್ಲ. ನಿನ್ನೆ ಬಸ್ಸಿನಲ್ಲಿ ಪಕ್ಕದ ಹೆಂಗಸು ಅವಳ ಕೈ ನೋಡಿ, "ಎಂತ ಆಯಿತು ಬಾಯಮ್ಮ?" ಎಂದು ಕೇಳಿದರು. ಲೂಸಿ ಎದುರಿನಲ್ಲಿ ಕಂಬಿ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು.

ನಡೆದದ್ದನ್ನು ನಡೆದ ಹಾಗೆಯೇ ನಾನು ಹೇಳಿದೆ. ಇಡೀ ಬಸ್ಸಿಗೆ ಕೇಳಿಸಿರಬೇಕು.

ಲೂಸಿ ಸ್ವಲ್ಪ ಸರಿದು ಕೂತು, ಸೀಟಿನಲ್ಲಿ ನನಗೆ ಜಾಗ ಮಾಡಿದಳು.