ಬಸ್ಸಿನಲ್ಲಿ ಕಂಡ ಕ್ಯಾನ್ಸರ್ ಪುಡಿ

"ನನ್ನ ತಂಗಿಗೂ ಇದೇ ಕ್ಯಾನ್ಸರ್ ಇತ್ತರಿ. ಕರೆಂಟ್ ಕೊಡಸೋದು ಬಿಡಿಸಿ ಈ ಪುಡಿ ಕೊಟ್ಟೆ, ಈಗ ಆರಾಮ ಅದಾಳ," ಎಂದು ಕಮಲಾಪುರದ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನವನು ಪಕ್ಕದಲ್ಲಿದ್ದ ಹೆಣ್ಣುಮಗಳಿಗೆ ಹೇಳುತ್ತಿದ್ದ. ನಮ್ಮಂತೆ ಆಕೆಯೂ ಕಲಬುರಗಿಯ ಆಸ್ಪತ್ರೆಯಲ್ಲಿ ಕರೆಂಟ್ ತೆಗೆದುಕೊಂಡು ಬಂದವಳು. ನಮ್ಮ ಕಡೆ ಕರೆಂಟ್ ಎನ್ನುವ ವಿಕಿರಣ ಚಿಕಿತ್ಸೆಗೆ ನನ್ನ ಚಿಗವ್ವ ಅದೇ ದಿನ ಬೆಳಿಗ್ಗೆ ಹೋದಾಗ, ಇದೇ ಮನುಷ್ಯ ಆಸ್ಪತ್ರೆಯ ಬಾಗಿಲಲ್ಲಿ ಇದೇ ಪುಡಿ ತೋರಿಸಿದ್ದ. ಆಗ ಅವನ ಮಾತಿನಲ್ಲಿ ವಾಸಿಯಾದವಳು ಅವನ ಹೆಂಡತಿ.

ಚಿಗವ್ವ ಮುಂದೆ ಬಾಗಿ ಕೇಳಿದಳು: "ಯಣ್ಣಾ, ಮುಂಜಾನಿ ಹೆಣ್ತಿ ಇದ್ದಾಕಿ ಸಂಜಿಕ ತಂಗಿ ಹ್ಯಾಂಗ ಆದಳೋ?"

ಅಕ್ಕಪಕ್ಕದವರು ನಕ್ಕರು. ಅವನು ಕಿಟಕಿಯತ್ತ ತಿರುಗಿದ. ಆ ಹೆಣ್ಣುಮಗಳು ಮಾತ್ರ ಅವನಿಂದ ಕೊಂಡ ಪುಡಿಯ ಪೊಟ್ಟಣವನ್ನು ಬಿಗಿಯಾಗಿ ಹಿಡಿದು ಮಹಾಗಾಂವದಲ್ಲಿ ಇಳಿದಳು.

ಚಿಗವ್ವನ ಜೊತೆ ಆಸ್ಪತ್ರೆಗೆ ಹೋದಾಗಲೆಲ್ಲ ಕರೆಂಟಿನ ಸಾಲಿನಲ್ಲಿ ಆಕೆಯನ್ನು ಹುಡುಕುತ್ತೇನೆ. ಇನ್ನೂ ಕಂಡಿಲ್ಲ.